ಹಳೆ ಮನೆ, ಕೇಳಿ ಹೇಳುತ್ತೇನೆ: ತೋಪಿಗೂ ಜಗ್ಗದ ಚ್ಯೂ ಸಾಹೇಬರ ಮನೆ

ಹೋದ ಸಂಚಿಕೆಯಲ್ಲಿ ಹಾಸನದ ಓದುಗರೊಬ್ಬರು, ತಾತನ ಕಾಲದ ಕಲ್ಲುಗೋಡೆ ಕೆಡವಿ ಅಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಬಹುದೇ ಎಂದು ಕೇಳಿದ್ದರು. ದಯವಿಟ್ಟು ಕೆಡವಬೇಡಿ, ಅಮೆರಿಕದ ಫಿಲಡೆಲ್ಫಿಯಾದ ಒಂದು ಕಲ್ಲುಮನೆಗೆ 1777ರಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೈನ್ಯ ತೋಪು ಹಾರಿಸಿಯೂ ಗೋಡೆ ಜಗ್ಗಲಿಲ್ಲ ಎಂದು ಉತ್ತರದ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಹಾಸನದವರು ಗೋಡೆ ಏನು ಮಾಡಿದರೋ ಗೊತ್ತಿಲ್ಲ; ಆ ಒಂದು ಸಾಲು ಹಿಡಿದುಕೊಂಡು ಬಂದ ಕಾಗದಗಳೇ ಒಂದು ಕಟ್ಟು ಆಗಿವೆ. "ಈ ಸಲ ಅದೇ ಇರಲಿ ಬಿಡಿ ಸಾರ್" ಅಂದರು ಸಂಪಾದಕರು. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಸರ್ಕಾರಿ ಕಟ್ಟಡಗಳ ರಿಪೇರಿ ನೋಡಿಕೊಂಡು ನಿವೃತ್ತನಾದವನು. ಮಗ ಫಿಲಡೆಲ್ಫಿಯಾದಲ್ಲಿ ಇರುವುದರಿಂದ ಆ ಮನೆಯ ಗೋಡೆ ತಟ್ಟಿ ನೋಡುವ ಅವಕಾಶ ಸಿಕ್ಕಿತ್ತು. ಚರಿತ್ರೆಯ ಮೇಷ್ಟರ ಉತ್ತರ ನನ್ನಿಂದ ಬರುವುದಿಲ್ಲ. ಗೋಡೆ ಬಾಗಿಲು ನೋಡಿದವನ ಉತ್ತರ ಬರುತ್ತದೆ.

ಪ್ರಶ್ನೆ: ಆ ಮನೆ ಯಾರದು? ಯುದ್ಧ ಬಯಲಲ್ಲಿ ನಡೆಯುವುದು ಬಿಟ್ಟು ಮನೆಯೊಳಗೆ ಯಾಕೆ ನುಗ್ಗಿತು? ಮೊದಲಿಂದ ಹೇಳಿ, ಮಕ್ಕಳಿಗೆ ಪಾಠದಲ್ಲಿ ಹೇಳಬೇಕು. (ತುಮಕೂರಿನ ಶಿಕ್ಷಕಿಯೊಬ್ಬರು)

ಮನೆಯ ಹೆಸರು ಕ್ಲಿವ್ಡನ್. ಊರು ಜರ್ಮನ್‌ಟೌನ್. ಈಗ ಫಿಲಡೆಲ್ಫಿಯಾ ನಗರದೊಳಗೇ ಸೇರಿಹೋಗಿದೆ. ಆಗ ಊರಾಚೆಯ ಹಳ್ಳಿ, ಒಂದೇ ಉದ್ದನೆಯ ರಸ್ತೆ, ಎರಡೂ ಬದಿಗೆ ಕಲ್ಲಿನ ಮನೆಗಳು. ಕಟ್ಟಿಸಿದವನು ಬೆಂಜಮಿನ್ ಚ್ಯೂ, ಲಂಡನ್ನಿನಲ್ಲಿ ಕಾನೂನು ಓದಿ ಬಂದ ವಕೀಲ, ಪೆನ್ಸಿಲ್ವೇನಿಯಾದ ಅಟಾರ್ನಿ ಜನರಲ್. 1762ರಲ್ಲಿ ಪಟ್ಟಣದಲ್ಲಿ ಹಳದಿ ಜ್ವರ ಎದ್ದಿತು. ದುಡ್ಡಿದ್ದವರೆಲ್ಲ ಬೇಸಿಗೆಗೆ ಹಳ್ಳಿಯಲ್ಲೊಂದು ಮನೆ ಇದ್ದರೆ ವಾಸಿ ಅಂದುಕೊಂಡರು. ಚ್ಯೂ 1763ರಲ್ಲಿ ಕೆಲಸ ಶುರು ಮಾಡಿಸಿದ, ಮುಗಿದದ್ದು 1767ರಲ್ಲಿ. ಬಡಗಿ ಜೇಕಬ್ ನಾರ್ ಅದೇ ಊರಿನವನು. ನಾಲ್ಕು ವರ್ಷ ಹಿಡಿಯಿತೇ ಎಂದು ಹುಬ್ಬೇರಿಸಬೇಡಿ, ನಮ್ಮ ಇಲಾಖೆಯ ತಾಲ್ಲೂಕು ಕಚೇರಿಗಳು ಅದಕ್ಕಿಂತ ಹೆಚ್ಚು ಹಿಡಿದಿವೆ.

1774ಕ್ಕೆ ಚ್ಯೂ ಮುಖ್ಯ ನ್ಯಾಯಾಧೀಶನಾದ. 1776ರ ಜುಲೈನಲ್ಲಿ ಅಮೆರಿಕದ ವಸಾಹತಿನವರು ಬ್ರಿಟಿಷ್ ದೊರೆಯ ಋಣ ಹರಿದುಕೊಂಡು ಸ್ವತಂತ್ರರೆಂದು ಸಾರಿದರು; ಅವರ ಸೇನಾಪತಿ ವಾಷಿಂಗ್ಟನ್. ಚ್ಯೂ ವಾಷಿಂಗ್ಟನ್ನನಿಗೂ ಪರಿಚಯಸ್ಥ, ಇತ್ತ ದೊರೆಯ ಹೆಸರಿನಲ್ಲಿ ನ್ಯಾಯ ಹೇಳುತ್ತಿದ್ದವನು. ಯಾವ ಕಡೆಗೂ ಗಟ್ಟಿಯಾಗಿ ವಾಲಲಿಲ್ಲ. ಕ್ರಾಂತಿಯ ಕಾಲದಲ್ಲಿ ಅಂಥವರನ್ನು ಯಾರೂ ನಂಬುವುದಿಲ್ಲ. 1777ರ ಆಗಸ್ಟಿನಲ್ಲಿ ಅವನನ್ನೂ ಹಳೆ ಗವರ್ನರ್ ಜಾನ್ ಪೆನ್‌ನನ್ನೂ ಹಿಡಿದು ನ್ಯೂಜೆರ್ಸಿಯ ಒಂದು ಕಬ್ಬಿಣದ ಕಾರ್ಖಾನೆಯ ಜಾಗದಲ್ಲಿ ಕಾವಲಿನಲ್ಲಿಟ್ಟರು. ಅಂದರೆ ಯುದ್ಧ ಮನೆ ಬಾಗಿಲಿಗೆ ಬಂದಾಗ ಯಜಮಾನ ಊರಲ್ಲೇ ಇರಲಿಲ್ಲ.

ಸೆಪ್ಟೆಂಬರ್ 26ಕ್ಕೆ ಬ್ರಿಟಿಷರು ಫಿಲಡೆಲ್ಫಿಯಾ ಹಿಡಿದರು. ಅವರ ಸೇನಾಪತಿ ವಿಲಿಯಂ ಹೌ ಸುಮಾರು 9,000 ಸೈನಿಕರನ್ನು ಜರ್ಮನ್‌ಟೌನಿನಲ್ಲಿ ಇಳಿಸಿದ. ಚ್ಯೂ ಮನೆಯ ಪಕ್ಕದ ಬಯಲಿನಲ್ಲಿ 40ನೇ ರೆಜಿಮೆಂಟಿನ ಡೇರೆಗಳು. ಅದರ ನಾಯಕ ಥಾಮಸ್ ಮಸ್ಗ್ರೇವ್ ಮನೆಯನ್ನೇ ಬಿಡಾರ ಮಾಡಿಕೊಂಡ. ಅಕ್ಟೋಬರ್ 3ರ ರಾತ್ರಿ ವಾಷಿಂಗ್ಟನ್ ಸುಮಾರು 11,000 ಜನರನ್ನು ನಾಲ್ಕು ದಾರಿಯಲ್ಲಿ ಹೊರಡಿಸಿದ. ರಾತ್ರಿಯಿಡೀ ಇಪ್ಪತ್ತೈದು ಕಿಲೋಮೀಟರಿನಷ್ಟು ನಡಿಗೆ, 4ರ ಬೆಳಗಿನ ಜಾವ ದಾಳಿ. ನಾಲ್ಕೂ ತುಕಡಿ ಒಂದೇ ಗಳಿಗೆಗೆ ಬಂದು ಬೀಳಬೇಕು, ಅದು ಲೆಕ್ಕ. ಕಾಗದದ ಮೇಲೆ ಸೊಗಸಾಗಿದೆ. ಕತ್ತಲಲ್ಲಿ, ಗೊತ್ತಿಲ್ಲದ ರಸ್ತೆಯಲ್ಲಿ, ಅರ್ಧಕ್ಕರ್ಧ ಬರಿಗಾಲಿನ ಜನರನ್ನು ಕಟ್ಟಿಕೊಂಡು ಅದು ಆಗುವ ಮಾತಲ್ಲ.

ಜೊತೆಗೆ ಮಂಜು. ಎದುರಿಗಿದ್ದವನ ಮುಖ ಕಾಣದಷ್ಟು ಮಂಜು, ಅದರೊಳಗೆ ಮದ್ದಿನ ಹೊಗೆ. ಆದರೂ ನಡುವಿನ ದಾರಿಯಲ್ಲಿ ಬಂದ ಅಮೆರಿಕನ್ ಜನರಲ್‌ಗಳಾದ ಸಲಿವನ್ ಮತ್ತು ವೇಯ್ನ್ ಅವರ ತುಕಡಿಗಳು ಬ್ರಿಟಿಷರ ಮುಂಗಾವಲನ್ನು ಹಿಂದಕ್ಕೆ ಒತ್ತಿಕೊಂಡೇ ಬಂದವು. ಮಸ್ಗ್ರೇವನ ಜನ ದಿಕ್ಕುಪಾಲಾಗುವುದರಲ್ಲಿದ್ದರು. ಅವನು ಸುಮಾರು 120 ಜನರನ್ನು ಕೂಡಿಸಿಕೊಂಡು ಮನೆಯೊಳಗೆ ಹೊಕ್ಕ. ಬಾಗಿಲಿಗೆ ಒಳಗಿಂದ ಸಾಮಾನು ಒತ್ತಿಟ್ಟು, ಕೆಳಗಿನ ಕಿಟಕಿಗಳ ಮರದ ಪಡಿ ಹಾಕಿಸಿ, ಹಜಾರದಲ್ಲಿ ಬಯೊನೆಟ್ (ಕೋವಿಯ ತುದಿಗೆ ಸಿಕ್ಕಿಸುವ ಚೂರಿ) ಹಿಡಿದವರನ್ನು ನಿಲ್ಲಿಸಿ, ಉಳಿದವರನ್ನು ಮಹಡಿಯ ಕಿಟಕಿಗಳಿಗೆ ಹತ್ತಿಸಿದ. ಜ್ವರಕ್ಕೆ ಹೆದರಿ ಕಟ್ಟಿಸಿದ ಬೇಸಿಗೆ ಮನೆ ಹೀಗೆ ಕೋಟೆಯಾಯಿತು.

ಪ್ರಶ್ನೆ: ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆದರೆ ನಮ್ಮ ಗೋಡೆ ಬಿರುಕು ಬಿಡುತ್ತದೆ. ತೋಪಿಗೂ ಬೀಳದ ಗೋಡೆ ಅಂದರೆ ನಂಬುವುದು ಹೇಗೆ? ಏನಾದರೂ ಗಾರೆಯ ಗುಟ್ಟು ಇದೆಯೇ? (ದಾವಣಗೆರೆಯ ಕಂಟ್ರಾಕ್ಟರ್)

ಗುಟ್ಟು ಗಾರೆಯಲ್ಲಿಲ್ಲ ಸ್ವಾಮಿ, ತೋಪಿನಲ್ಲಿದೆ.

ಅಂದು ಅಮೆರಿಕನ್ನರ ಹತ್ತಿರ ಇದ್ದದ್ದು ಸೈನ್ಯದ ಜೊತೆ ಕುದುರೆ ಎಳೆದುಕೊಂಡು ಓಡಬಲ್ಲ ಬಯಲು ತೋಪುಗಳು: ಮೂರು ಪೌಂಡಿನವು, ಆರು ಪೌಂಡಿನವು. ಆರು ಪೌಂಡಿನ ಗುಂಡು ಅಂದರೆ ಸುಮಾರು 2.7 ಕೆ.ಜಿ.ಯ ಕಬ್ಬಿಣದ ಉಂಡೆ, ಅಡ್ಡಳತೆ 9 ಸೆಂಟಿಮೀಟರ್, ದೊಡ್ಡ ಮೂಸಂಬಿಯಷ್ಟು. ಬಯಲಿನಲ್ಲಿ ಸಾಲಾಗಿ ನಿಂತ ಸೈನಿಕರ ನಡುವೆ ಅದು ಹಾದರೆ ಸಾಲೇ ಹೋಗುತ್ತದೆ. ಸುಮಾರು ಎರಡಡಿ ದಪ್ಪದ ಕಲ್ಲುಗೋಡೆಗೆ ಬಡಿದರೆ ಚಕ್ಕೆ ಏಳುತ್ತದೆ, ಅಷ್ಟೇ. ಗೋಡೆ ಒಡೆಯಲು ಬೇಕಾದದ್ದು ಕೋಟೆ ಮುತ್ತಿಗೆಯ ಭಾರಿ ತೋಪು, ಒಂದೇ ಜಾಗಕ್ಕೆ ಗಂಟೆಗಟ್ಟಲೆ, ದಿನಗಟ್ಟಲೆ ಹೊಡೆಯುವ ತಾಳ್ಮೆ. ವಾಷಿಂಗ್ಟನ್ನನ ಬಳಿ ಅಂದು ಎರಡೂ ಇರಲಿಲ್ಲ.

ಇನ್ನು ಕಲ್ಲು. ಅಲ್ಲೇ ಪಕ್ಕದ ವಿಸ್ಸಹಿಕಾನ್ ಕಣಿವೆಯದು, ಪದರ ಪದರವಾದ ಬೂದು ಕಲ್ಲು. ಬಿಸಿಲು ಬಿದ್ದರೆ ಮೈತುಂಬ ಕಾಗೆಬಂಗಾರ ಮಿನುಗುತ್ತದೆ. ಮುಂಭಾಗದ ಗೋಡೆಗೆ ಮಾತ್ರ ನಾಲ್ಕೂ ಮೂಲೆ ಕೆತ್ತಿದ ಸೈಜುಗಲ್ಲು. ಪಕ್ಕದ ಗೋಡೆಗಳಿಗೆ ಹೋಗಿ ನೋಡಿ: ಒರಟು ಕಾಡುಗಲ್ಲು, ಮೇಲೆ ಗಾರೆ, ಆ ಗಾರೆಯ ಮೇಲೆ ಸೈಜುಗಲ್ಲಿನಂತೆ ಕಾಣಲೆಂದು ಗೆರೆ ಎಳೆದಿದ್ದಾರೆ! ರಸ್ತೆಗೆ ಕಾಣುವುದಕ್ಕೆ ಒಂದು ರೇಟು, ಕಾಣದ್ದಕ್ಕೆ ಇನ್ನೊಂದು ರೇಟು. ಮುಖ್ಯ ನ್ಯಾಯಾಧೀಶನೂ ಎಸ್ಟಿಮೇಟ್ ಕೈಮೀರಿದಾಗ ನಮ್ಮ ನಿಮ್ಮಂತೆಯೇ ಮಾಡಿದ್ದಾನೆ ಎಂದು ಅಲ್ಲಿ ನಿಂತು ನಕ್ಕಿದ್ದೆ. ಜೊತೆಗಿದ್ದ ಸೊಸೆಗೆ ಅದರಲ್ಲಿ ನಗುವಂಥದ್ದು ಏನಿದೆ ಎಂದು ತಿಳಿಯಲಿಲ್ಲ.

ಗೋಡೆ ನಿಂತಿತು ಅಂದರೆ ಮನೆ ಚೆನ್ನಾಗಿತ್ತು ಎಂದಲ್ಲ. ಮುಂಬಾಗಿಲು ಪುಡಿಪುಡಿಯಾಯಿತು. ಕಿಟಕಿಗಳು ಹಾರಿಹೋದವು; ಕಿಟಕಿಯಿಂದ ಒಳಹೊಕ್ಕ ಗುಂಡುಗಳು ಒಳಗಿನ ಗಾರೆ ಕಿತ್ತವು. ತೋಟದ ಅಮೃತಶಿಲೆ ಬೊಂಬೆಗಳ ಮೂಗು ಮುಖ ಹೋದವು. ಕಟ್ಟಡವೊಂದು ಏಟು ತಿನ್ನುವುದು ಯಾವಾಗಲೂ ಬಾಗಿಲು ಕಿಟಕಿಯ ಜಾಗದಲ್ಲೇ. ಭೂಕಂಪವಾದರೂ ಅಷ್ಟೇ, ತೋಪಾದರೂ ಅಷ್ಟೇ. ಮುಂಗೋಡೆಯ ಸೈಜುಗಲ್ಲಿನ ಮೇಲೆ ಇವತ್ತಿಗೂ ಕುಳಿಗಳಿವೆ. ಬೆರಳ ತುದಿ ಇಟ್ಟರೆ ಕೂರುತ್ತದೆ. ಅದೃಷ್ಟಕ್ಕೆ, ಆಮೇಲೆ ಬಂದ ಯಾವ ಯಜಮಾನನೂ ಅವಕ್ಕೆ ಸಿಮೆಂಟ್ ಮೆತ್ತಿಸಲಿಲ್ಲ.

ನಿಮ್ಮ ಬೋರ್‌ವೆಲ್ ಬಿರುಕಿಗೆ ಕಾರಣ ಬೇರೆ, ಅದು ಪಾಯದ ಮಾತು. ಫೋಟೊ ಕಳಿಸಿ, ಮುಂದಿನ ಸಲ ನೋಡೋಣ.

ಪ್ರಶ್ನೆ: ಈ ಒಂದು ಮನೆಯಿಂದಾಗಿ ವಾಷಿಂಗ್ಟನ್ ಆ ಯುದ್ಧ ಸೋತ ಎಂದು ಓದಿದ್ದೇನೆ. 120 ಜನ 11,000 ಜನರನ್ನು ಸೋಲಿಸಲು ಸಾಧ್ಯವೇ? (ಧಾರವಾಡದ ಬಿ.ಎ. ವಿದ್ಯಾರ್ಥಿ)

ಸಾಧ್ಯವಿಲ್ಲ. ಆದರೆ 11,000 ಜನರ ನಾಯಕರನ್ನು ತಬ್ಬಿಬ್ಬು ಮಾಡಲು 120 ಜನ ಸಾಕು.

ಸಲಿವನ್, ವೇಯ್ನ್ ತುಕಡಿಗಳ ಮುಂದಿನ ಸಾಲು ಮನೆಯನ್ನು ದಾಟಿ ಮುಂದೆ ಹೋಗಿಬಿಟ್ಟಿತ್ತು. ಹಿಂದಿನಿಂದ ಬಂದ ವಾಷಿಂಗ್ಟನ್ನನಿಗೆ ಮಹಡಿಯಿಂದ ಗುಂಡು ಬರುವುದು ಕಂಡಿತು. ರಸ್ತೆಯಲ್ಲೇ ಮಾತುಕತೆ. ಕಿರಿಯ ಅಧಿಕಾರಿಗಳು, ಸೈನ್ಯದ ಆಡಳಿತ ನೋಡಿಕೊಳ್ಳುವ ಅಜುಟೆಂಟ್ ಜನರಲ್ ಟಿಮೊಥಿ ಪಿಕರಿಂಗ್ ಸೇರಿ, ಸುತ್ತ ಒಂದಿಷ್ಟು ಜನರನ್ನು ಕಾವಲು ಬಿಟ್ಟು ಮುಂದೆ ಹೋಗೋಣ ಅಂದರು. ತೋಪುಗಳ ಮುಖ್ಯಸ್ಥ ಹೆನ್ರಿ ನಾಕ್ಸ್ ಒಪ್ಪಲಿಲ್ಲ. ಶತ್ರು ಹಿಡಿದ ಕೋಟೆಯನ್ನು ಬೆನ್ನ ಹಿಂದೆ ಬಿಟ್ಟು ಮುಂದೆ ಹೋಗಬಾರದು, ಇದು ಯುದ್ಧಶಾಸ್ತ್ರದ ನಿಯಮ ಅಂದ. ನಾಕ್ಸ್ ಯಾರೆಂದು ತಿಳಿದರೆ ನಿಮಗೆ ಮಾತು ಇನ್ನೂ ಚೆನ್ನಾಗಿ ಹೊಳೆಯುತ್ತದೆ: ಯುದ್ಧಕ್ಕೆ ಮುಂಚೆ ಬಾಸ್ಟನ್ನಿನಲ್ಲಿ ಪುಸ್ತಕದಂಗಡಿ ಇಟ್ಟವನು, ಅಂಗಡಿಯ ಪುಸ್ತಕ ಓದಿಯೇ ತೋಪಿನ ವಿದ್ಯೆ ಕಲಿತವನು, ಆಗ 27 ವರ್ಷ. ಸಾಧಾರಣದವನಲ್ಲ. ಹಿಂದಿನ ವರ್ಷವಷ್ಟೇ ಟೈಕಾಂಡರೋಗಾ ಕೋಟೆಯಿಂದ ಹಿಮದ ಮೇಲೆ ಭಾರಿ ತೋಪುಗಳನ್ನು ಬಾಸ್ಟನ್ನಿಗೆ ಎಳೆಸಿ ತಂದಿದ್ದ. ಅಂಥ ಬುದ್ಧಿವಂತನೂ ಅಂದು ನಿಯಮ ನೋಡಿದ, ಎದುರಿಗಿದ್ದ ಮನೆಯನ್ನು ನೋಡಲಿಲ್ಲ. ಅದು ಕೋಟೆಯಾಗಿರಲಿಲ್ಲ. ಒಳಗಿದ್ದ ನೂರಿಪ್ಪತ್ತು ಜನ ಹೊರಬಂದು ಏನು ಮಾಡಿಬಿಡುತ್ತಿದ್ದರು?

ವಾಷಿಂಗ್ಟನ್ ನಾಕ್ಸ್‌ನ ಮಾತು ಕೇಳಿದ. ವಿಲಿಯಂ ಸ್ಮಿತ್ ಎಂಬ ಯುವ ಲೆಫ್ಟಿನೆಂಟ್ ಬಿಳಿ ಬಾವುಟ ಹಿಡಿದು ಶರಣಾಗಿರೆಂದು ಹೇಳಲು ಹೋದ. ಮಂಜಿನಲ್ಲಿ ಬಾವುಟ ಕಾಣಿಸಿತೋ ಇಲ್ಲವೋ, ಗುಂಡು ಹಾರಿತು. ಆ ಗಾಯದಿಂದಲೇ ಅವನು ಸತ್ತ. ಆಮೇಲೆ ತೋಪು. ಅದರ ಗತಿ ದಾವಣಗೆರೆಯವರಿಗೆ ಹೇಳಿದ್ದೇನೆ. ಆಮೇಲೆ ನ್ಯೂಜೆರ್ಸಿಯ ಸೈನಿಕರು ಬಾಗಿಲಿಗೆ ನುಗ್ಗಿದರು, ಮಹಡಿಯಿಂದ ಗುಂಡಿನ ಮಳೆ. ಆ ದಿನ ಸತ್ತ ಅಮೆರಿಕನ್ನರು 150ಕ್ಕೂ ಹೆಚ್ಚು. ಅವರಲ್ಲಿ 50ಕ್ಕೂ ಹೆಚ್ಚು ಮಂದಿ ಈ ಒಂದು ಮನೆಯ ಅಂಗಳದಲ್ಲೇ ಬಿದ್ದರು.

ಬೆಂಕಿ ಹಚ್ಚುವ ಪ್ರಯತ್ನವೂ ನಡೆಯಿತು. ವಾಷಿಂಗ್ಟನ್ನನ ಸಹಾಯಕ ಜಾನ್ ಲಾರೆನ್ಸ್ ಮತ್ತು ಅಮೆರಿಕನ್ನರ ಕಡೆಯಿದ್ದ ಡು ಪ್ಲೆಸಿ ಎಂಬ ಫ್ರೆಂಚ್ ಅಧಿಕಾರಿ ಹುಲ್ಲು ತಂದು ಕಿಟಕಿಯಲ್ಲಿ ತುರುಕಿ ಸುಡುವ ಯೋಚನೆ ಮಾಡಿದರು. ಡು ಪ್ಲೆಸಿ ಕಿಟಕಿಯ ಪಡಿ ಮುರಿದು ಹತ್ತಿದಾಗ ಒಳಗೆ ಪಿಸ್ತೂಲು ಹಿಡಿದ ಬ್ರಿಟಿಷನೊಬ್ಬ ಎದುರಾಗಿ ಇಲ್ಲೇನು ಮಾಡುತ್ತೀಯ ಅಂದನಂತೆ. ಸುಮ್ಮನೆ ತಿರುಗಾಡಿಕೊಂಡು ಬಂದೆ, ಅಂದನಂತೆ ಇವನು! ಅಷ್ಟರಲ್ಲಿ ಕೋಣೆಗೆ ನುಗ್ಗಿದ ಇನ್ನೊಬ್ಬ ಬ್ರಿಟಿಷ್ ಸೈನಿಕ ಗುಂಡು ಹಾರಿಸಿದ; ತಗುಲಿದ್ದು ಪಿಸ್ತೂಲು ಹಿಡಿದಿದ್ದ ತನ್ನವನಿಗೇ. ಕೆಲವು ವರ್ಷದ ಮೇಲೆ ಅಮೆರಿಕ ಸುತ್ತಿದ ಶಾಸ್ತೆಲ್ಲು ಎಂಬ ಫ್ರೆಂಚ್ ಸೇನಾಧಿಕಾರಿ ಇದನ್ನು ಬರೆದಿಟ್ಟಿದ್ದಾನೆ. ಹೇಳುವವರ ಬಾಯಲ್ಲಿ ಸ್ವಲ್ಪ ಬೆಳೆದಿರಬಹುದು. ಲಾರೆನ್ಸ್‌ಗೆ ಗುಂಡೇಟು ಬಿದ್ದದ್ದು, ಡು ಪ್ಲೆಸಿ ಗಾಯವಿಲ್ಲದೆ ವಾಪಸಾದದ್ದು ಮಾತ್ರ ನಿಜ.

ಈಗ ನಿಮ್ಮ ಪ್ರಶ್ನೆಗೆ. ಮನೆಯ ಹತ್ತಿರ ಹೋದ ಸಮಯಕ್ಕಿಂತ ಮನೆಯಿಂದ ಎದ್ದ ಸದ್ದು ಹೆಚ್ಚು ಕೆಡುಕು ಮಾಡಿತು ಎಂದು ನನ್ನ ಅನಿಸಿಕೆ. ಬೇರೆ ದಾರಿಯಲ್ಲಿ ತಡವಾಗಿ ಬರುತ್ತಿದ್ದ ಅಮೆರಿಕನ್ ಜನರಲ್ ಗ್ರೀನ್‌ನ ತುಕಡಿಯಲ್ಲಿ ಆಡಂ ಸ್ಟೀಫನ್ ಎಂಬ ಜನರಲ್ ಇದ್ದ. ತೋಪಿನ ಸದ್ದು ಕೇಳಿ ಅವನ ಜನ ಹೇಳಿದ ದಾರಿ ಬಿಟ್ಟು ಸದ್ದಿನ ಕಡೆ ತಿರುಗಿದರು. ಅತ್ತ ಮುಂದೆ ಹೋಗಿದ್ದ ವೇಯ್ನ್‌ನ ಜನ, ಬೆನ್ನ ಹಿಂದೆ ತೋಪು ಕೇಳಿ, ಹಿಂದಿನವರಿಗೆ ಏನೋ ಆಯಿತೆಂದು ತಿರುಗಿದರು. ಮಂಜಿನಲ್ಲಿ ಇಬ್ಬರೂ ಎದುರಾದರು, ಶತ್ರುಗಳೆಂದುಕೊಂಡು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು. ಅಲ್ಲಿಂದ ಎಲ್ಲ ಕಳಚಿಕೊಂಡಿತು. ಸ್ಟೀಫನ್ ಅಂದು ಕುಡಿದಿದ್ದನೆಂದು ವಿಚಾರಣೆ ನಡೆದು ಕೆಲಸ ಹೋಯಿತು. ಅವನ ತುಕಡಿ ಫ್ರಾನ್ಸಿನಿಂದ ಬಂದಿದ್ದ ಇಪ್ಪತ್ತು ವರ್ಷದ ಲಫಾಯೆಟ್‌ಗೆ ಸಿಕ್ಕಿತು. ಸಲಿವನ್ನನ ಜನರ ಬಳಿ ಮದ್ದುಗುಂಡು ಮುಗಿದಿತ್ತು, ಎರಡು ತುಕಡಿ ಹೊತ್ತಿಗೆ ಬರಲೇ ಇಲ್ಲ. ಹೀಗೆ ಕಾರಣಗಳು ಹತ್ತು. ಆದರೆ ಮಂಜನ್ನೂ ಕುಡುಕನನ್ನೂ ಜನರಿಗೆ ತೋರಿಸಲಾಗುವುದಿಲ್ಲ. ಮನೆ ರಸ್ತೆ ಬದಿಯಲ್ಲಿ ನಿಂತಿದೆ. ಹಾಗಾಗಿ ಎಲ್ಲ ಭಾರ ಅದರ ತಲೆಗೆ.

ಪರೀಕ್ಷೆಗೆ ಬರೆಯುವುದಾದರೆ ಇದನ್ನೂ ಸೇರಿಸಿ: ಅದೇ ಅಕ್ಟೋಬರ್ 17ಕ್ಕೆ ಸಾರಟೋಗಾದಲ್ಲಿ ಬ್ರಿಟಿಷರ ಇನ್ನೊಂದು ಸೈನ್ಯ ಶರಣಾಯಿತು, ಮುಂದಿನ ಫೆಬ್ರವರಿಯಲ್ಲಿ ಫ್ರಾನ್ಸ್ ಅಮೆರಿಕನ್ನರ ಜೊತೆ ಕೈಜೋಡಿಸಿತು. ಜರ್ಮನ್‌ಟೌನಿಗೆ ಮೂರು ವಾರ ಮುಂಚೆ ಬ್ರಾಂಡಿವೈನಿನಲ್ಲಿ ಸೋತ ವಾಷಿಂಗ್ಟನ್ನನ ಸೈನ್ಯವೇ ಎದ್ದು ಬಂದು ಹೌನ ಮುಖ್ಯ ಬಿಡಾರದ ಮೇಲೆ ಬಿದ್ದದ್ದೂ ಫ್ರೆಂಚರ ಮನಸ್ಸಿಗೆ ನಾಟಿತ್ತು ಎನ್ನುತ್ತಾರೆ.

ಪ್ರಶ್ನೆ: ಆ ಯುದ್ಧದಲ್ಲಿ ಒಂದು ನಾಯಿ ಸಿಕ್ಕಿತ್ತಂತೆ, ನಿಜವೇ? (ಶಿರಸಿಯ ಆರನೇ ತರಗತಿ ಹುಡುಗ)

ನಿಜ ಮಗೂ. ಜನರಲ್ ಹೌನ ನಾಯಿ ಹೇಗೋ ಅಮೆರಿಕನ್ನರ ಪಾಳೆಯಕ್ಕೆ ಬಂದುಬಿಟ್ಟಿತ್ತು. ಕೊರಳಪಟ್ಟಿಯಲ್ಲಿ ಯಜಮಾನನ ಹೆಸರಿತ್ತು. ಯುದ್ಧವಾಗಿ ಎರಡೇ ದಿನಕ್ಕೆ, ಅಕ್ಟೋಬರ್ 6ರಂದು, ವಾಷಿಂಗ್ಟನ್ ಎರಡು ಸಾಲಿನ ಮರ್ಯಾದೆಯ ಚೀಟಿ ಬರೆಸಿ ನಾಯಿಯನ್ನು ವಾಪಸು ಕಳಿಸಿದ. ನಾಯಿಯ ಹೆಸರು ಚೀಟಿಯಲ್ಲಿಲ್ಲ.

ಪ್ರಶ್ನೆ: ಅದೇ ಕಾಲಕ್ಕೆ ನಮ್ಮಲ್ಲಿ ಹೈದರಾಲಿ ಇದ್ದ. ಆ ಮನೆಗೂ ನಮ್ಮ ಮೈಸೂರಿಗೂ ಏನಾದರೂ ನಂಟು ಉಂಟೇ? (ಮೈಸೂರಿನ ನಿವೃತ್ತ ಬ್ಯಾಂಕ್ ನೌಕರರು)

ಉಂಟು, ಎಳೆದು ತಂದದ್ದಲ್ಲ.

ಅಂದು ಬೆಳಿಗ್ಗೆ ಫಿಲಡೆಲ್ಫಿಯಾದಿಂದ ತಾಜಾ ಸೈನ್ಯ ತಂದು ಹಿಮ್ಮೆಟ್ಟುತ್ತಿದ್ದ ಅಮೆರಿಕನ್ನರನ್ನು ಅಟ್ಟಿಸಿಕೊಂಡು ಹೋದವನು ಲಾರ್ಡ್ ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾದ. 1791ರ ಮಾರ್ಚಿನಲ್ಲಿ ನಮ್ಮ ಬೆಂಗಳೂರು ಪೇಟೆಯನ್ನೂ ಕೋಟೆಯನ್ನೂ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡು ಇಬ್ಬರು ಮಕ್ಕಳನ್ನು ಒತ್ತೆ ಒಯ್ದ. ಜರ್ಮನ್‌ಟೌನಿನಲ್ಲಿ ಇಲ್ಲದ್ದು ಬೆಂಗಳೂರಿನಲ್ಲಿ ಅವನ ಬಳಿ ಇತ್ತು: ಕೋಟೆ ಒಡೆಯುವ ಭಾರಿ ತೋಪು. ಗೋಡೆಯಲ್ಲಿ ಕಂಡಿ ಬಿದ್ದ ಮೇಲೆ, ಮಾರ್ಚ್ 21ರ ರಾತ್ರಿ ನುಗ್ಗಿದರು. ಕೋಟೆ ಕಾಯುತ್ತಿದ್ದ ಕಿಲ್ಲೇದಾರ್ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ.

ಚ್ಯೂ ಮನೆ ಕಾದ ಮಸ್ಗ್ರೇವ್‌ನ ಹೆಸರು ಆ ಒಂದು ಬೆಳಗಿನಿಂದಲೇ ಮೇಲೆ ಬಂದದ್ದು. 40ನೇ ರೆಜಿಮೆಂಟ್ ಆ ಮನೆಯ ಚಿತ್ರವಿದ್ದ ಪದಕವನ್ನೇ ಮಾಡಿಸಿತು. 1787ರಲ್ಲಿ ಇಂಡಿಯಾದ ಸೇವೆಗೆಂದೇ 76ನೇ ರೆಜಿಮೆಂಟ್ ಕಟ್ಟಿದಾಗ ಅದರ ಕರ್ನಲ್ ಪಟ್ಟ ಸಿಕ್ಕಿದ್ದು ಅವನಿಗೆ. ಬೆಂಗಳೂರು, ಶ್ರೀರಂಗಪಟ್ಟಣಗಳ ದಂಡಿನಲ್ಲಿ ಆ 76ನೇ ರೆಜಿಮೆಂಟೂ ಇತ್ತು. ಕರ್ನಲ್ ಅಂದರೆ ಆಗ ರೆಜಿಮೆಂಟಿನ ಯಜಮಾನಿಕೆ, ದಂಡಿನ ಮುಂದೆ ತಾನೇ ಕುದುರೆ ಏರಿ ಬರಬೇಕೆಂದಿರಲಿಲ್ಲ.

ಇನ್ನೊಂದು ನಂಟು ನನಗೆ ಇವೆರಡಕ್ಕಿಂತ ಹಿಡಿಸಿದ್ದು. ಡೆಲವೇರ್ ನದಿಯ ಬಾಯಲ್ಲಿ ಬ್ರಿಟಿಷರು ಸರಕು ಹಡಗುಗಳನ್ನು ಹಿಡಿಯುತ್ತಿದ್ದ ಕಾಲಕ್ಕೆ, 1782ರಲ್ಲಿ, ಪೆನ್ಸಿಲ್ವೇನಿಯಾದವರು ಒಂದು ಹಡಗಿಗೆ ತೋಪು ಕಟ್ಟಿ ಕಾವಲಿಗೆ ಬಿಟ್ಟರು. ಹೆಸರು 'ಹೈದರಾಲಿ'! ಬ್ರಿಟಿಷರನ್ನು ಮದ್ರಾಸಿನ ಬಾಗಿಲಲ್ಲಿ ನಡುಗಿಸಿದವನ ಸುದ್ದಿ ಫಿಲಡೆಲ್ಫಿಯಾದ ಪತ್ರಿಕೆಗಳವರೆಗೆ ಮುಟ್ಟಿತ್ತು. ಹದಿನಾರು ತೋಪು, ಬಹುಪಾಲು ಅದೇ ಆರು ಪೌಂಡಿನವು. ಕ್ಯಾಪ್ಟನ್ ಜೋಶುವಾ ಬಾರ್ನಿಗೆ ಇನ್ನೂ 22. ಏಪ್ರಿಲ್ 8ರಂದು ತನಗಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿದು ಫಿಲಡೆಲ್ಫಿಯಾಕ್ಕೆ ತಂದ. ಕಲ್ಲಿನ ಮೇಲೆ ಕೆಲಸ ಮಾಡದ ಗುಂಡು ಮರದ ಮೇಲೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ಹೈದರಾಲಿ ಆಗ ಬದುಕಿದ್ದ. ತೀರಿಕೊಂಡದ್ದು ಆ ಡಿಸೆಂಬರಿನಲ್ಲಿ.

ಪ್ರಶ್ನೆ: ಗಂಡಸರ ಗುಂಡಿನ ಕಥೆ ಸಾಕು. ಆ ಮನೆಯ ಹೆಂಗಸರು ಎಲ್ಲಿದ್ದರು? ಆಳುಗಳಿರಲಿಲ್ಲವೇ? ಹಳೆ ಮನೆ ಅಂದರೆ ಅಡುಗೆಮನೆಯೂ ಸೇರಿತಲ್ಲ. (ಉಡುಪಿಯ ಓದುಗರು)

ಸರಿಯಾಗಿ ಕೇಳಿದಿರಿ ಅಮ್ಮ. ಮೊದಲು ಮನೆಯವರ ಮಾತು.

ಚ್ಯೂ ದಂಪತಿಗೆ ಮನೆ ತುಂಬ ಹೆಣ್ಣುಮಕ್ಕಳು. ಕುಟುಂಬ ಪಟ್ಟಣದ ಥರ್ಡ್ ಸ್ಟ್ರೀಟ್ ಮನೆಯಲ್ಲಿತ್ತು. ಬ್ರಿಟಿಷರು ಪಟ್ಟಣದಲ್ಲಿದ್ದ ಆ ಚಳಿಗಾಲದಲ್ಲಿ ಮಗಳು ಪೆಗ್ಗಿಗೆ ಕವಿತೆ ಬರೆದುಕೊಡುತ್ತಿದ್ದವನು ಮೇಜರ್ ಜಾನ್ ಆಂಡ್ರೆ. 1778ರ ಮೇ 18ರಂದು ಹೌನನ್ನು ಬೀಳ್ಕೊಡಲು ಬ್ರಿಟಿಷ್ ಅಧಿಕಾರಿಗಳು ಮಾಡಿದ ದೊಡ್ಡ ಜಾತ್ರೆಯಂಥ ಔತಣದಲ್ಲಿ ಅವಳ ಹೆಸರಿನಲ್ಲಿ ಕುದುರೆ ಏರಿ ಪಂದ್ಯ ಆಡಿದವನೂ ಅವನೇ. ಎರಡು ವರ್ಷಕ್ಕೆ ಬೇಹುಗಾರಿಕೆಯಲ್ಲಿ ಸಿಕ್ಕಿಬಿದ್ದ, ಅಮೆರಿಕನ್ನರು ಗಲ್ಲಿಗೆ ಹಾಕಿದರು. ಪೆಗ್ಗಿ 1787ರ ಮೇ ತಿಂಗಳಲ್ಲಿ ಕೈಹಿಡಿದದ್ದು ಮೇರಿಲ್ಯಾಂಡಿನ ಜಾನ್ ಈಗರ್ ಹವರ್ಡ್‌ನನ್ನು. ಇವನು ಅಕ್ಟೋಬರ್ 4ರ ಬೆಳಿಗ್ಗೆ ಎಲ್ಲಿದ್ದ? ಅವಳ ಅಪ್ಪನ ಮನೆಯ ಪಕ್ಕದಲ್ಲೇ, 4ನೇ ಮೇರಿಲ್ಯಾಂಡ್ ರೆಜಿಮೆಂಟಿನ ಮೇಜರ್ ಆಗಿ. ಅವನ ಕರ್ನಲ್ ಕೂತಿದ್ದ ಕುದುರೆ ಸೇಬಿನ ರಸ ಹಿಂಡುವ ಯಂತ್ರದ ಅಡಿಗೆ ಓಡಿ, ಕರ್ನಲ್ ಪೆಟ್ಟು ತಿಂದದ್ದರಿಂದ ರೆಜಿಮೆಂಟ್ ಇವನ ಕೈಗೆ ಬಂದಿತ್ತು. ಚ್ಯೂ ಮನೆಯಿಂದ ಗುಂಡು ಬೀಳುತ್ತಿರುವಾಗಲೇ ದಾಟಿ ಮುಂದೆ ಹೋದ. ಮುಂದೊಂದು ದಿನ ಇದೇ ಮಾವನ ಮನೆ ಆಗುವುದೆಂದು ಯಾರು ಕಂಡಿದ್ದರು! ಆ ಮದುವೆಯ ನೆಂಟರೊಂದಿಗೆ ಚ್ಯೂ ಮನೆಯಲ್ಲಿ ಊಟ ಮಾಡಿದ್ದನ್ನು ವಾಷಿಂಗ್ಟನ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಅದಾಗಿ ಎರಡೇ ದಿನಕ್ಕೆ ಸಂವಿಧಾನ ಸಭೆ ಶುರುವಾಯಿತು. ಪೆಗ್ಗಿ ಮುದುಕಿಯಾದ ಮೇಲೂ ಆಂಡ್ರೆಯನ್ನು ಹೊಗಳುತ್ತಿದ್ದಳಂತೆ, ಅವನೊಬ್ಬ ಹಾಳು ಬೇಹುಗಾರ ಎಂದು ಗಂಡ ಅತಿಥಿಗಳೆದುರೇ ಗೊಣಗುತ್ತಿದ್ದನಂತೆ.

ಆಳುಗಳ ಮಾತು ಇಷ್ಟು ಹಗುರವಲ್ಲ. ಅವರು ಸಂಬಳದ ಆಳುಗಳಾಗಿರಲಿಲ್ಲ, ಕೊಂಡ ಗುಲಾಮರು. ಚ್ಯೂಗೆ ಡೆಲವೇರಿನಲ್ಲಿ ದೊಡ್ಡ ಜಮೀನುಗಳಿದ್ದವು. ಅಲ್ಲಿ ದುಡಿದವರೂ, ಈ ಮನೆಯ ಒಲೆ ಹಚ್ಚಿದವರೂ ಅವರೇ. ಕಪ್ಪುಜನರ ಮೊದಲ ಸ್ವತಂತ್ರ ಕ್ರೈಸ್ತ ಸಂಘವನ್ನು 1816ರಲ್ಲಿ ಕಟ್ಟಿ ಅದರ ಮೊದಲ ಬಿಷಪ್ ಆದ ರಿಚರ್ಡ್ ಅಲನ್ 1760ರಲ್ಲಿ ಹುಟ್ಟಿದ್ದು ಚ್ಯೂ ಮನೆತನದ ಗುಲಾಮನಾಗಿ ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಮಗುವಿದ್ದಾಗಲೇ ಅಪ್ಪ ಅಮ್ಮನ ಸಮೇತ ಇನ್ನೊಬ್ಬ ಜಮೀನುದಾರನಿಗೆ ಮಾರಿದರು. ಮುಂದೆ ತಾನೇ ದುಡಿದು ತನ್ನ ಬಿಡುಗಡೆ ಕೊಂಡುಕೊಂಡ. ಕ್ಲಿವ್ಡನ್ನಿನಲ್ಲಿ ಬಹಳ ಕಾಲ ಯುದ್ಧದ ಕಥೆ, ಪೀಠೋಪಕರಣದ ಕಥೆ ಮಾತ್ರ ಹೇಳುತ್ತಿದ್ದರು. ಚ್ಯೂ ವಂಶದವರು 1972ರಲ್ಲಿ ಮನೆಯನ್ನು ರಾಷ್ಟ್ರೀಯ ಪರಂಪರೆ ಸಂರಕ್ಷಣಾ ಟ್ರಸ್ಟಿಗೆ ಬಿಟ್ಟುಕೊಟ್ಟರು. ಮನೆತನದ ಕಾಗದ ಪತ್ರಗಳನ್ನು ಓದಿದಷ್ಟೂ ಈ ಹೆಸರುಗಳು ಸಿಕ್ಕಿದವು; ಈಗ ಅಡುಗೆಮನೆಯಲ್ಲಿ ನಿಂತು ಅದನ್ನೂ ಹೇಳುತ್ತಾರೆ. ಹೇಳಲೇಬೇಕು. ಸ್ವಾತಂತ್ರ್ಯ ಸ್ವಾತಂತ್ರ್ಯ ಎಂದು ಕೂಗುತ್ತಿದ್ದ ಯುದ್ಧದಲ್ಲಿ ಆ ಮನೆಯ ಹೊರಗಿದ್ದವರಿಗೂ ಒಳಗಿದ್ದವರಿಗೂ ಇವರ ನೆನಪು ಬರಲಿಲ್ಲ. ಅದೇ ಜರ್ಮನ್‌ಟೌನಿನಲ್ಲಿ 1688ರಲ್ಲೇ, ಮನುಷ್ಯರನ್ನು ಕೊಳ್ಳುವುದು ಮಾರುವುದು ತಪ್ಪು ಎಂದು ನಾಲ್ಕು ಜನ ಸಹಿ ಹಾಕಿ ಮನವಿ ಬರೆದಿದ್ದರು ಎಂಬುದನ್ನೂ ಇದರ ಜೊತೆ ಇಟ್ಟು ನೋಡಿ.

ಒಂದು ಮನೆಯನ್ನು ಹೆಂಗಸೊಬ್ಬಳು ಉಳಿಸಿದ ಕಥೆಯೂ ಅಲ್ಲೇ ಹತ್ತಿರದಲ್ಲಿದೆ. ಸ್ಟೆಂಟನ್ ಎಂಬುದು ಲೋಗನ್ ಮನೆತನದ ಇಟ್ಟಿಗೆ ಮನೆ. ಆ ಆಗಸ್ಟಿನಲ್ಲಿ ವಾಷಿಂಗ್ಟನ್ ಅಲ್ಲಿ ತಂಗಿದ್ದ, ಅಕ್ಟೋಬರಿನಲ್ಲಿ ಹೌ ತಂಗಿದ್ದ. ಮನೆ ನೋಡಿಕೊಳ್ಳುತ್ತಿದ್ದವಳು ಡೈನಾ. ಗುಲಾಮಳಾಗಿದ್ದವಳು, ತಾನೇ ಕೇಳಿ 1776ರಲ್ಲಿ ಬಿಡುಗಡೆ ಪಡೆದಿದ್ದಳು. ಬ್ರಿಟಿಷರು ಸುತ್ತಲಿನ ಮನೆಗಳನ್ನು ಸುಡುತ್ತಿದ್ದ ದಿನಗಳಲ್ಲಿ ಇಬ್ಬರು ಸೈನಿಕರು ಬಂದು, ಮನೆ ಸುಡುತ್ತೇವೆ, ಬೇಕಾದ್ದು ಎತ್ತಿಕೊ ಎಂದು ಹೇಳಿ ಹುಲ್ಲು ತರಲು ಕೊಟ್ಟಿಗೆಗೆ ಹೋದರಂತೆ. ಆ ಹೊತ್ತಿಗೆ ಸರಿಯಾಗಿ ಬ್ರಿಟಿಷ್ ಅಧಿಕಾರಿಯೊಬ್ಬ ಬಂದು, ಸೈನ್ಯ ಬಿಟ್ಟು ಓಡಿದವರು ಯಾರಾದರೂ ಈ ಕಡೆ ಕಂಡರೇ ಎಂದು ವಿಚಾರಿಸಿದ. ಕಂಡರು ಸ್ವಾಮಿ, ಇಬ್ಬರು, ಕೊಟ್ಟಿಗೆಯಲ್ಲಿ ಅಡಗಿದ್ದಾರೆ ಅಂದಳು ಡೈನಾ! ಎಷ್ಟು ಹೇಳಿಕೊಂಡರೂ ಕೇಳದೆ ಇಬ್ಬರನ್ನೂ ಹಿಡಿದುಕೊಂಡು ಹೋದನಂತೆ ಅವನು. ತೋಪಿಲ್ಲ, ಗೋಡೆಯ ದಪ್ಪವಿಲ್ಲ, ಒಂದು ಮಾತಿಗೆ ಮನೆ ಉಳಿಯಿತು. ಲೋಗನ್ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ ಇದು. ಈಗ ಅಂಗಳದಲ್ಲಿ ಅವಳಿಗೆಂದೇ ಒಂದು ಸ್ಮಾರಕ ಮಾಡಿದ್ದಾರೆ.

ಪ್ರಶ್ನೆ: ಯುದ್ಧ ಮುಗಿದ ಮೇಲೆ ಚ್ಯೂ ಏನಾದ? ಮನೆ ಮುಟ್ಟುಗೋಲಾಯಿತೇ? (ಮಂಡ್ಯದ ವಕೀಲರು)

ಮುಟ್ಟುಗೋಲಾಗಲಿಲ್ಲ. 1778ರಲ್ಲಿ ಬಿಡುಗಡೆಯಾಗಿ ಬಂದ ಚ್ಯೂ 1779ರಲ್ಲಿ ಆ ಹರಿದ ಮನೆಯನ್ನು ಬ್ಲೇರ್ ಮಕ್ಲೆನಹನ್ ಎಂಬ ಐರಿಷ್ ವರ್ತಕನಿಗೆ ಮಾರಿದ. ಮನಸ್ಸು ಮಾತ್ರ ಅಲ್ಲೇ ಇತ್ತೆಂದು ಕಾಣುತ್ತದೆ, 1797ರಲ್ಲಿ ವಾಪಸು ಕೊಂಡ. ನಿಮ್ಮ ವೃತ್ತಿಯವರಿಗೆ ಹಿಡಿಸುವ ಮಾತು: ಅನುಮಾನದ ಮೇಲೆ ಕಾವಲಿನಲ್ಲಿಟ್ಟಿದ್ದ ಅದೇ ರಾಜ್ಯ 1791ರಲ್ಲಿ ಅವನನ್ನು ಅತ್ಯುನ್ನತ ಮೇಲ್ಮನವಿ ನ್ಯಾಯಾಲಯದ ಅಧ್ಯಕ್ಷನನ್ನಾಗಿ ಮಾಡಿತು, 1808ರವರೆಗೂ ಅಲ್ಲೇ ಇದ್ದ. ಸತ್ತದ್ದು 1810ರಲ್ಲಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಒಂದೂವರೆ ಗಂಟೆ ದಾರಿ. ಮಕ್ಕಳನ್ನು ಕರೆದುಕೊಂಡು ಹೋಗಬಹುದೇ? ಏನು ನೋಡಬೇಕು? (ಎಡಿಸನ್ನಿನ ಕನ್ನಡ ಕುಟುಂಬ)

ಧಾರಾಳವಾಗಿ. ಅಕ್ಟೋಬರ್ ಮೊದಲ ಶನಿವಾರವಾದರೆ ಒಳ್ಳೆಯದು; ಅಂದು ಅಂಗಳದಲ್ಲೇ ಯುದ್ಧವನ್ನು ಆಡಿ ತೋರಿಸುತ್ತಾರೆ. ಕೋವಿ, ತೋಪಿನ ಸದ್ದು ಜೋರಿರುತ್ತದೆ, ಕೈಗೂಸಿದ್ದರೆ ಕಿವಿಗೆ ಏನಾದರೂ ಇಟ್ಟುಕೊಳ್ಳಿ. ಗದ್ದಲ ಬೇಡ, ಮನೆಯನ್ನೇ ನೋಡಬೇಕು ಅನ್ನುವವರು ಬೇರೆ ದಿನ ಹೋಗಿ. ವರ್ಷವಿಡೀ ತೆರೆದಿರುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ.

ಒಳಗೆ ಹೋದೊಡನೆ ಹಜಾರದ ನಾಲ್ಕು ಕಂಬ ನೋಡಿ. ಬಯೊನೆಟ್ ಹಿಡಿದವರು ನಿಂತಿದ್ದ ಜಾಗ ಅದು. ಹೊರಗೆ ಬಂದು ಮುಂಗೋಡೆಯ ಕುಳಿಗಳನ್ನು ನೋಡಿ, ಆಮೇಲೆ ಮರೆಯದೆ ಪಕ್ಕದ ಗೋಡೆಯ ಸುಳ್ಳು ಗೆರೆಗಳನ್ನು. ಅದೇ ರಸ್ತೆಯಲ್ಲಿ ಸ್ವಲ್ಪ ಕೆಳಗೆ ಜಾನ್ಸನ್ ಮನೆ ಇದೆ, 1768ರದು. ಯುದ್ಧದ ಗುಂಡು ಅದಕ್ಕೂ ತಗುಲಿತ್ತು. ಮುಂದಿನ ಶತಮಾನದಲ್ಲಿ ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ಅಲ್ಲಿ ಬಚ್ಚಿಟ್ಟು ಮುಂದೆ ದಾಟಿಸುತ್ತಿದ್ದರು. ಸಮಯ ಕಡಿಮೆ ಇದ್ದರೆ ಪೀಠೋಪಕರಣದ ಕೋಣೆ ಬಿಟ್ಟು ಇದನ್ನು ನೋಡಿ ಎನ್ನುವವನು ನಾನು. ಇನ್ನೂ ಕೆಳಗೆ ಗ್ರಂಬಲ್‌ಥಾರ್ಪ್, 1744ರ ಮನೆ; ಗುಂಡೇಟು ತಿಂದ ಬ್ರಿಟಿಷ್ ಜನರಲ್ ಆಗ್ನ್ಯೂನನ್ನು ತಂದು ಮಲಗಿಸಿದ್ದು ಅಲ್ಲಿ, ನೆಲದ ಹಲಗೆಯ ಮೇಲಿನ ಕಲೆಯನ್ನು ಅವನ ರಕ್ತವೆಂದು ತೋರಿಸುತ್ತಾರೆ. ಹಾಗೇ ಡೆಶ್ಲರ್ ಮಾರಿಸ್ ಮನೆ: ಯುದ್ಧವಾದ ಮೇಲೆ ಹೌ ಇಳಿದುಕೊಂಡಿದ್ದ ಆ ಮನೆಗೇ 1793ರಲ್ಲಿ, ಮತ್ತೆ ಹಳದಿ ಜ್ವರ ಎದ್ದಾಗ, ಅಧ್ಯಕ್ಷ ವಾಷಿಂಗ್ಟನ್ ಬಂದು ಉಳಿದ.

ರಸ್ತೆಗೆ ಹಳೆಯ ಚಪ್ಪಡಿ ಕಲ್ಲು, ಟ್ರಾಮಿನ ಕಂಬಿ ಇವೆ. ಮಕ್ಕಳಿಗೆ ಹೈಹೀಲ್ಸ್, ನಿಮಗೆ ತಳ ಸವೆದ ಚಪ್ಪಲಿ ಎರಡೂ ಬೇಡ. ಮಧ್ಯಾಹ್ನದ ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಕ್ಲಿವ್ಡನ್ನಿನ ಅಂಗಳ ವಿಶಾಲವಾಗಿದೆ, ಮರಗಳಿವೆ. ಮೊಸರನ್ನ ತಿನ್ನುವ ಮುಂಚೆ ಕಾವಲಿನವರನ್ನು ಒಂದು ಮಾತು ಕೇಳಿ.